ಒಂದು ಡಿಕ್ರಿಯ ನಕಲಿಗಾಗಿ

ಮದುವೆಯ ಲಗ್ನಪತ್ರಿಕೆಯನ್ನು ಯಾರೂ ಬಚ್ಚಿಡುವುದಿಲ್ಲ. ಅಂಚಿಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಊರಿಗೆಲ್ಲ ಹಂಚುತ್ತೇವೆ. ಮಿಕ್ಕ ನಾಲ್ಕು ಪ್ರತಿಗಳು ಇಪ್ಪತ್ತು ವರ್ಷ ಕಳೆದರೂ ಮನೆಯಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತವೆ. ಆದರೆ ಅದೇ ಮದುವೆ ನ್ಯಾಯಾಲಯದಲ್ಲಿ ಕೊನೆಗೊಂಡರೆ, ಆ ಕಾಗದ ಬೀರುವಿನ ತಳಕ್ಕೆ, ಹಳೆಯ ಸೀರೆಗಳ ಅಡಿಗೆ ಹೋಗುತ್ತದೆ. ಕೇಳಿದರೆ, "ಅದೆಲ್ಲ ಯಾಕೆ ಈಗ?" ಎಂದು ಮನೆಯವರು ಮುಖ ತಿರುಗಿಸುತ್ತಾರೆ. ಹೀಗೆ ಬಚ್ಚಿಟ್ಟು ಕಳೆದುಹೋದ ಒಂದು ಕಾಗದವನ್ನು ಹುಡುಕಿಕೊಂಡು ನಾವು ಕಳೆದ ವರ್ಷ ಅಲೆದ ಕಥೆಯನ್ನು, ನಮ್ಮ ಸಂಘದ ಬಂಧುಗಳಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂಬ ಆಸೆಯಿಂದ, ಇಲ್ಲಿ ಬರೆಯುತ್ತಿದ್ದೇವೆ. ಹೆಸರುಗಳನ್ನು ಮಾತ್ರ ಹೇಳುವುದಿಲ್ಲ. ಅದರ ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಮೂಲ ಉಡುಪಿ ಕಡೆ. ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ. ಅವರ ನಾಲಗೆಗೆ ಈಗಲೂ ಅದು ಮದರಾಸೇ. ವಯಸ್ಸು ಐವತ್ತೈದರ ಆಚೆ ಈಚೆ. ತಂದೆ ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿ 2010ರಲ್ಲಿ ತೀರಿಕೊಂಡರು. ಕುಟುಂಬ ಪಿಂಚಣಿ ಪಡೆಯುತ್ತಿದ್ದ ತಾಯಿ 2013ರಲ್ಲಿ ಹೋದರು. ಅಕ್ಕ ಮದುವೆಯಲ್ಲಿ ಸುಖ ಕಾಣಲಿಲ್ಲ. ತವರಿಗೆ ಬಂದು ತಂದೆತಾಯಿಯ ಆಶ್ರಯದಲ್ಲಿದ್ದರು. 2012ರಲ್ಲಿ ಇಲ್ಲಿಯ ಕುಟುಂಬ ನ್ಯಾಯಾಲಯದಲ್ಲಿ ಅರ್ಜಿ ಹಾಕಿದರು. 2014ರಲ್ಲಿ ವಿಚ್ಛೇದನದ ಡಿಕ್ರಿ ಆಯಿತು. ಈಗ ಹಪ್ಪಳ ಸಂಡಿಗೆ ಮಾಡಿ ಮಾರುವುದರಿಂದ ಹೇಗೋ ಕಾಲಕ್ಷೇಪ. ಒಂದು ಸಾಯಂಕಾಲ ನಮ್ಮ ಮನೆಗೆ ಬಂದು, "ತಮ್ಮಾ, ನೀವು ಸರಕಾರಿ ಆಫೀಸಿನವರು. ಅಪ್ಪನ ಪಿಂಚಣಿ ನನಗೆ ಬರ್ತದೆ ಅಂತ ಯಾರೋ ಹೇಳಿದ್ರು. ಹೌದಾ ಮಾರಾಯ್ರೆ?" ಎಂದು ಕೇಳಿದರು.

ನಾವು ಬಿ.ಎ. ಮುಗಿಸಿ ಗುಮಾಸ್ತಗಿರಿಗೆ ಸೇರಿದವರು, ಕಾನೂನು ಓದಿದವರಲ್ಲ. ಆದರೆ ಸುತ್ತೋಲೆಗಳನ್ನು ಓದಿ ಕಡತಕ್ಕೆ ಸೇರಿಸುವುದೇ ನಮ್ಮ ಹೊಟ್ಟೆಪಾಡಾದ್ದರಿಂದ ಹುಡುಕಿ ನೋಡಿದೆವು. ಸಂಗತಿ ಹೀಗಿದೆ. ಕೇಂದ್ರ ಸರ್ಕಾರದ ನೌಕರರ ವಿಚ್ಛೇದಿತ ಮಗಳು ತಂದೆತಾಯಿಯನ್ನೇ ಅವಲಂಬಿಸಿದ್ದವಳಾಗಿ, ಅವಳ ಆದಾಯ ಗೊತ್ತುಪಡಿಸಿದ ಮಿತಿಯೊಳಗಿದ್ದರೆ, 25 ವರ್ಷ ದಾಟಿದ್ದರೂ ಕುಟುಂಬ ಪಿಂಚಣಿಗೆ ಅರ್ಹಳೆಂದು 2004ರಲ್ಲಿ ಆದೇಶವಾಯಿತು. ಆದರೆ ತಂದೆ ಅಥವಾ ತಾಯಿ ಬದುಕಿರುವಾಗಲೇ ವಿಚ್ಛೇದನ ಆಗಿರಬೇಕಿತ್ತು. ನ್ಯಾಯಾಲಯದ ವ್ಯವಹಾರ ಎಲ್ಲರಿಗೂ ಗೊತ್ತೇ ಇದೆ. ಅರ್ಜಿಯ ದಿನ ಇದ್ದ ಹಿರಿಯರು ತೀರ್ಪಿನ ದಿನಕ್ಕೆ ಇರುತ್ತಾರೆಂಬ ಭರವಸೆಯಿಲ್ಲ. ಅದಕ್ಕಾಗಿಯೇ 2017ರ ಜುಲೈ 19ರ ಆದೇಶ ನಿಯಮವನ್ನು ಸಡಿಲಿಸಿತು: ಅವರಲ್ಲಿ ಒಬ್ಬರಾದರೂ ಬದುಕಿದ್ದಾಗ ವಿಚ್ಛೇದನದ ಅರ್ಜಿ ನ್ಯಾಯಾಲಯಕ್ಕೆ ಸಲ್ಲಿಕೆಯಾಗಿದ್ದರೆ ಸಾಕು, ಡಿಕ್ರಿ ಅನಂತರ ಆಗಿದ್ದರೂ ಅಡ್ಡಿಯಿಲ್ಲ, ಪಿಂಚಣಿ ವಿಚ್ಛೇದನವಾದ ದಿನದಿಂದ ಸಲ್ಲುತ್ತದೆ.

ಅಕ್ಕನ ಅರ್ಜಿ 2012ರದ್ದು. ಆಗ ತಾಯಿ ಇದ್ದರು. ಅರ್ಜಿ ಸಲ್ಲಿಸಿದ ಆ ಒಂದು ತಾರೀಖಿನ ಮೇಲೆ ಅವರ ಮುಂದಿನ ಬಾಳು ನಿಂತಿತ್ತು. "ಡಿಕ್ರಿ ಎಲ್ಲಿ ಅಕ್ಕಾ?" ಎಂದೆವು. ಅವರು ತಲೆ ತಗ್ಗಿಸಿದರು.

2015ರ ಡಿಸೆಂಬರ್ ಮೊದಲ ವಾರದ ನೆರೆಯನ್ನು ಈ ಊರಿನವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಅಕ್ಕ ಆಗ ಸೈದಾಪೇಟೆಯಲ್ಲಿ, ಅಡೆಯಾರು ನದಿಗೆ ಸಮೀಪದ ನೆಲಮಾಳಿಗೆಯ ಮನೆಯಲ್ಲಿದ್ದರು. ಬೀರುವಿನ ಕೆಳಗಿನ ಎರಡು ಅರೆ ಪೂರಾ ಮುಳುಗಿತು. ಸೀರೆಗಳನ್ನು ಒಗೆದು ಒಣಗಿಸಿದರು. ಅವುಗಳ ಅಡಿಯಲ್ಲಿದ್ದ ಡಿಕ್ರಿ ಅಂಬಲಿಯಂತಾಗಿತ್ತು. ನೆರೆ ಇಳಿದ ಮೇಲೆ ಕಳೆದುಹೋದ ದಾಖಲೆಗಳಿಗಾಗಿ ಸರ್ಕಾರ ವಿಶೇಷ ಶಿಬಿರಗಳನ್ನು ನಡೆಸಿತು. ಅಕ್ಕ ರೇಷನ್ ಕಾರ್ಡಿಗೆ ಬರೆದುಕೊಟ್ಟರು, ಶಾಲೆಯ ಸರ್ಟಿಫಿಕೇಟಿಗೆ ಬರೆದುಕೊಟ್ಟರು. ಡಿಕ್ರಿ ಹೋಯಿತು, ಅದಕ್ಕೆ ಎಲ್ಲಿ ಕೇಳಬೇಕು ಎಂದು ಮಾತ್ರ ಯಾರನ್ನೂ ವಿಚಾರಿಸಲಿಲ್ಲ. "ಅಷ್ಟು ಜನರ ಎದುರು ಹೇಗೆ ಬಾಯಿ ಬಿಡುವುದು ತಮ್ಮಾ?" ಎಂದರು. ಆ ಸಂಕೋಚದಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಕಳೆದಿತ್ತು.

ಹೀಗಾಗಿ ಒಂದು ದಿನ ರಜೆ ಹಾಕಿ, ನಾವೂ ಅಕ್ಕನೂ ಮೆಟ್ರೋ ರೈಲಿನಲ್ಲಿ ಹೈಕೋರ್ಟ್ ನಿಲ್ದಾಣದಲ್ಲಿ ಇಳಿದೆವು. 1892ರಲ್ಲಿ ತೆರೆದ ಆ ಕೆಂಪು ಕಟ್ಟಡವನ್ನು ನೋಡದವರಿಲ್ಲ. ಅದರ ಗೋಪುರದ ತುದಿಯಲ್ಲಿ 1894ರಿಂದ 1977ರವರೆಗೆ ಹಡಗುಗಳಿಗೆ ದಾರಿ ತೋರುವ ದೀಪ ಉರಿಯುತ್ತಿತ್ತು. ಅದೇ ಆವರಣದಲ್ಲಿ ನಗರದ ಕುಟುಂಬ ನ್ಯಾಯಾಲಯಗಳಿವೆ. 1984ರ ಕುಟುಂಬ ನ್ಯಾಯಾಲಯ ಕಾಯಿದೆಗೆ ಮುಂಚೆ ಇಂಥ ವ್ಯಾಜ್ಯಗಳು ನಗರ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತಿದ್ದವು. ಬಹಳ ಹಳೆಯ ಡಿಕ್ರಿ ಹುಡುಕುವವರು ಇದನ್ನು ನೆನಪಿಡಬೇಕು.

ನ್ಯಾಯಾಲಯದ ದಫ್ತರದಲ್ಲಿ ಮನುಷ್ಯನ ಮುಖಕ್ಕೆ ಬೆಲೆಯಿಲ್ಲ, ನಂಬರಿಗೆ ಬೆಲೆ. ಇದನ್ನು ಗುಮಾಸ್ತರಾದ ನಾವು ದೂರುವಂತಿಲ್ಲ. ನಮ್ಮ ಕಛೇರಿಯಲ್ಲೂ ಹಾಗೆಯೇ. ಬೇಕಾದದ್ದು ಮೂರು: ಯಾವ ನ್ಯಾಯಾಲಯ, ಯಾವ ನಂಬರು, ಯಾವ ವರ್ಷ. ಚೆನ್ನೈಯ ಕುಟುಂಬ ನ್ಯಾಯಾಲಯದಲ್ಲಿ ನಂಬರಿನ ಹಿಂದೆ ಓ.ಪಿ. ಎಂದಿರುತ್ತದೆ; ತಮಿಳುನಾಡಿನ ಬೇರೆ ಊರುಗಳ ನ್ಯಾಯಾಲಯಗಳಲ್ಲಿ ಎಚ್.ಎಂ.ಓ.ಪಿ. ಎಂದು ಕಾಣಬಹುದು, ನಮ್ಮ ಕರ್ನಾಟಕದಲ್ಲಿ ಎಂ.ಸಿ. ಎಂದು ಬರೆಯುತ್ತಾರೆ. ಅಕ್ಕನಿಗೆ ಇವು ಯಾವುವೂ ನೆನಪಿರಲಿಲ್ಲ. ಅವರ ವಕೀಲರೂ ಕಾಲವಾಗಿದ್ದರು.

ಇಂಥ ಕಷ್ಟಕ್ಕೆ ಈಗ ಒಂದು ಅನುಕೂಲವಿದೆ. ಇ-ಕೋರ್ಟ್ಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ನ್ಯಾಯಾಲಯ, ಪಕ್ಷಕಾರರ ಹೆಸರು, ವರ್ಷ ಕೊಟ್ಟು ಹುಡುಕಬಹುದು. ಮುಗಿದ ಮೊಕದ್ದಮೆಗಳನ್ನು ಬೇರೆಯಾಗಿ ಆರಿಸಿಕೊಳ್ಳಬೇಕು. ಒಂದೊಂದು ಮೊಕದ್ದಮೆಗೂ ಸಿ.ಎನ್.ಆರ್. ಎಂಬ ಹದಿನಾರು ಅಕ್ಷರ ಅಂಕಿಗಳ ಗುರುತು ಇರುತ್ತದೆ. ಅದೊಂದು ಸಿಕ್ಕರೆ ಉಳಿದದ್ದು ಸುಲಭ. ನಾವು ಅಕ್ಕನ ಹೆಸರು ಹಾಕಿ ನೋಡಿದೆವು. ಸಿಗಲಿಲ್ಲ. ತಂದೆಯ ಹೆಸರಿನ ಮೊದಲಕ್ಷರ ಸೇರಿಸಿದೆವು. ಆಗಲೂ ಇಲ್ಲ.

ತೊಡಕು ಇದ್ದದ್ದು ನಮ್ಮವರ ಹೆಸರಿನಲ್ಲೇ. ಊರಿನಲ್ಲಿ ಹೆಸರಿನ ಹಿಂದೆ ಊರಿನ ಅಕ್ಷರ, ಮುಂದೆ ಮನೆತನದ ಹೆಸರು. ಇಲ್ಲಿಗೆ ಬಂದರೆ ತಮಿಳರ ಪದ್ಧತಿಯಂತೆ ತಂದೆಯ ಅಕ್ಷರ. ಮದುವೆಯಾದರೆ ಗಂಡನ ಹೆಸರು. ಶಾಲೆಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಅರ್ಜಿಯಲ್ಲಿ ಮತ್ತೊಂದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದು 'ಎಚ್' ಹೆಚ್ಚಾದರೂ ಯಂತ್ರಕ್ಕೆ ಅದು ಬೇರೆ ಮನುಷ್ಯ. ಕೊನೆಗೆ ಎದುರು ಪಕ್ಷದ, ಅಂದರೆ ಆ ಪತಿಯ, ಹೆಸರಿನಿಂದ ಹುಡುಕಿದೆವು. ಸಿಕ್ಕಿತು. ಅಕ್ಕ ಹನ್ನೆರಡು ವರ್ಷದಿಂದ ಬಾಯಲ್ಲಿ ಹೇಳದಿದ್ದ ಹೆಸರನ್ನು ಒಂದೊಂದೇ ಅಕ್ಷರವಾಗಿ ನಮಗೆ ಬರೆಸಿದರು.

ನಂಬರು ದೊರೆತ ಮೇಲೆ ನಕಲಿನ ಅರ್ಜಿ. ತೀರ್ಪು ಮತ್ತು ಡಿಕ್ರಿ, ಎರಡನ್ನೂ ಕೇಳಬೇಕು. ಅವು ಬೇರೆ ಬೇರೆ ಕಾಗದಗಳು. ಪರಿಚಿತ ವಕೀಲರೊಬ್ಬರು ಅರ್ಜಿ ಬರೆದು, ಸ್ಟಾಂಪು ಹಚ್ಚಿ, ಅಕ್ಕನ ರುಜು ಪಡೆದು ಸಲ್ಲಿಸಿದರು. ನಮ್ಮ ರುಜು ಅಲ್ಲಿ ನಡೆಯುತ್ತಿರಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 22ನೆಯ ಕಲಮಿನಂತೆ ಈ ವ್ಯವಹಾರಗಳ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯಬೇಕು. ಅದರ ವಿವರಗಳನ್ನು ಅಚ್ಚುಮಾಡಿ ಪ್ರಕಟಿಸಿದವರಿಗೆ ಸಾವಿರ ರೂಪಾಯಿಯವರೆಗೆ ದಂಡ ಉಂಟು. ನಾವು ಹೆಸರು ಹೇಳದಿರುವುದಕ್ಕೆ ಇದೂ ಒಂದು ಕಾರಣ. ಅಮೆರಿಕದಲ್ಲಿ ನಮ್ಮ ಜಿಲ್ಲೆಗಳಂಥ ಕೌಂಟಿಗಳಿವೆ. ಅಲ್ಲಿ ಬಹುಮಟ್ಟಿಗೆ ಕೌಂಟಿ ನ್ಯಾಯಾಲಯದ ಗುಮಾಸ್ತರೇ ಈ ದಾಖಲೆಗಳನ್ನು ಕಾಯುತ್ತಾರೆ. ಹಲವು ಕಡೆ ಹೊರಗಿನವರೂ ಕೇಳಿ ನೋಡಬಹುದು. ನಮ್ಮಲ್ಲಿ ಕಾನೂನೇ ಮನೆಯ ಮರ್ಯಾದೆಯನ್ನು ಕಾಯುತ್ತಿದೆ. ಹಾಗಿರುವಾಗ ಕಾಗದವನ್ನು ನಾವು ಮತ್ತೆ ಬಚ್ಚಿಡಬೇಕಾಗಿಲ್ಲ.

ಇನ್ನೊಂದು ಸಂಗತಿ ನಮಗೇ ಹೊಸದಾಗಿತ್ತು. ಡಿಕ್ರಿ ಆದಾಗ ಎರಡೂ ಪಕ್ಷಗಳಿಗೆ ಒಂದೊಂದು ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡಬೇಕೆಂದು ಅದೇ ಕಾಯಿದೆಯ 23ನೆಯ ಕಲಮು ಹೇಳುತ್ತದೆ. ಎಷ್ಟೋ ಮಂದಿ ಕೊನೆಯ ದಿನ ಕಣ್ಣೊರಸಿಕೊಂಡು ಹೊರಟುಬಿಡುತ್ತಾರೆ. ಪ್ರತಿಯನ್ನು ಕೇಳಿ ತರುವುದಿಲ್ಲ.

ಈಗ ಅರ್ಜಿ ಹಾಕಬೇಕಾಗಿ ಬಂದ ಮನೆಗಳಿಗೆ ಎರಡು ಮಾತು. ಮದುವೆ ಕುಂದಾಪುರದಲ್ಲಿ, ಗಂಡ ಬೆಂಗಳೂರಿನಲ್ಲಿ, ಹೆಣ್ಣುಮಗಳು ಚೆನ್ನೈಯಲ್ಲಿ ಎಂಬ ಸ್ಥಿತಿ ನಮ್ಮಂಥ ವಲಸಿಗರಲ್ಲಿ ಸಾಮಾನ್ಯ. ಮದುವೆ ನಡೆದ ಊರು, ಎದುರು ಪಕ್ಷದವರು ಇರುವ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಇವುಗಳಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯಿಂದ, ಅರ್ಜಿದಾರಳು ಹೆಂಡತಿಯಾದರೆ ತಾನಿರುವ ಊರಿನಲ್ಲೇ ಹಾಕಬಹುದು. ಆದ್ದರಿಂದ ಚೆನ್ನೈಯ ಹೆಣ್ಣುಮಗಳು ಬಸ್ಸು ಹತ್ತಿ ಬೆಂಗಳೂರಿಗೆ ಅಲೆಯಲೇಬೇಕೆಂದಿಲ್ಲ. ಅರ್ಜಿ ಸಲ್ಲಿಸಿದ ದಿನ ಮೊಹರು ಬಿದ್ದ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಆ ತಾರೀಖಿಗೆ ಎಷ್ಟು ಬೆಲೆ ಎಂಬುದನ್ನು ಅಕ್ಕನ ಕಥೆಯೇ ಹೇಳುತ್ತದೆ.

ಛಾಪಾಕಾಗದದ ಮೇಲೆ ಹಿರಿಯರ ಮುಂದೆ ಬರೆದುಕೊಂಡ 'ಬಿಡುಗಡೆ ಪತ್ರ'ವನ್ನೇ ವಿಚ್ಛೇದನವೆಂದು ನಂಬಿ ಕುಳಿತವರೂ ನಮ್ಮಲ್ಲಿದ್ದಾರೆ. ಜಾತಿಯಲ್ಲಿ ಅಂಥ ರೂಢಿ ಹಿಂದಿನಿಂದ ಬಂದಿದ್ದರೆ ಕಾನೂನು ಅದನ್ನು ಒಪ್ಪುತ್ತದೆ, ಆದರೆ ರೂಢಿಯನ್ನು ಸಾಬೀತು ಮಾಡಬೇಕಾದೀತು. ರೂಢಿಯಿಲ್ಲದಿದ್ದರೆ ನೋಟರಿಯ ಮೊಹರು ಮದುವೆಯನ್ನು ಬಿಡಿಸಲಾರದು. ಅಜ್ಜಿಯ ಕಾಲದ ಕಾಗದ ಹುಡುಕುವವರು ಇನ್ನೊಂದನ್ನು ತಿಳಿದಿರಬೇಕು: 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸು ರಾಜ್ಯದ್ದೇ ಆಗಿತ್ತು, 1949ರ ಮದರಾಸಿನ ವಿಚ್ಛೇದನ ಕಾಯಿದೆ ಅಲ್ಲಿಗೂ ಅನ್ವಯಿಸುತ್ತಿತ್ತು. ಹಾಗೆಂದು ಆ ದಾಖಲೆಗಳನ್ನು ಇಲ್ಲಿ ಹುಡುಕಬಾರದು. ತೀರ್ಪು ಕೊಟ್ಟ ನ್ಯಾಯಾಲಯ ಇದ್ದ ಊರಿನಲ್ಲೇ ವಿಚಾರಿಸಬೇಕು. ಮಕ್ಕಳು ಹೊರದೇಶದಲ್ಲಿರುವವರಿಗೂ ಒಂದು ಎಚ್ಚರಿಕೆ. ಹಿಂದೂ ವಿವಾಹ ಕಾಯಿದೆಯಲ್ಲಿಲ್ಲದ ಕಾರಣಕ್ಕೆ, ಇನ್ನೊಬ್ಬರು ಒಪ್ಪಿ ಭಾಗವಹಿಸದೆ ಅಲ್ಲಿ ಪಡೆದ ಡಿಕ್ರಿ ಇಲ್ಲಿ ನಿಲ್ಲದೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದೆ.

ಕೆಲವು ವಾರಗಳ ಮೇಲೆ ನಕಲು ಸಿದ್ಧವಾಯಿತು. ಅಕ್ಕನೊಡನೆ ಮತ್ತೆ ಹೋಗಿ ತಂದೆವು. ಡಿಕ್ರಿಯ ಮೊದಲ ಪುಟದಲ್ಲೇ ಅರ್ಜಿ ಸಲ್ಲಿಸಿದ ತಾರೀಖಿತ್ತು: 2012ರ ಫೆಬ್ರವರಿ. ತಾಯಿ ಹೋದದ್ದು ಮರುವರ್ಷ. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು, "ಅವತ್ತು ಅಮ್ಮ ನನ್ನ ಜೊತೆ ಇಲ್ಲಿಗೆ ಬಂದಿದ್ರು. ಮೊಣಕಾಲು ನೋವು, ಮೆಟ್ಟಲು ಹತ್ತಲಿಕ್ಕೆ ಆಗದೆ ಕೆಳಗೇ ಕೂತಿದ್ರು" ಎಂದರು. ಅನಂತರ ತೀರ್ಪಿನ ಕೊನೆಯ ಪುಟ ತಿರುವಿದರು. ಅಲ್ಲಿ ಹಾಜರುಪಡಿಸಿದ ದಾಖಲೆಗಳ ಪಟ್ಟಿ. ಮೊದಲನೆಯದೇ ಲಗ್ನಪತ್ರಿಕೆ. ಮದುವೆ ನಡೆದದ್ದಕ್ಕೆ ಸಾಕ್ಷಿಯಾಗಿ ಅದೂ ಕಡತ ಸೇರಿತ್ತು. "ನೋಡಿ, ಎರಡೂ ಒಂದೇ ಕಟ್ಟಿನಲ್ಲಿ ಉಂಟು" ಎಂದು ಸಣ್ಣಗೆ ನಕ್ಕರು.

ಪಿಂಚಣಿಯ ಅರ್ಜಿ ಈಗ ಸಂಬಂಧಪಟ್ಟ ಕಛೇರಿಗೆ ಹೋಗಿದೆ. ಕಡತ ನಡೆಯುವ ವೇಗ ನಮಗೆ ಗೊತ್ತಿರುವುದರಿಂದ, ಅಕ್ಕನಿಗೆ ತಾಳ್ಮೆ ಹೇಳಿದ್ದೇವೆ. ಮೊನ್ನೆ ಅವರ ಮನೆಗೆ ಹೋಗಿದ್ದಾಗ ಬೀರು ತೆರೆದು ತೋರಿಸಿದರು. ಡಿಕ್ರಿಯ ಒಂದು ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ, ಎಸ್.ಎಸ್.ಎಲ್.ಸಿ. ಸರ್ಟಿಫಿಕೇಟಿನ ಜೊತೆಗೆ, ಎಲ್ಲಕ್ಕಿಂತ ಮೇಲಿನ ಅರೆಯಲ್ಲಿತ್ತು. ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲೂ ಸೀರೆಯ ಅಡಿಯಲ್ಲಿ ಅಂಥ ಕಾಗದವೊಂದಿದ್ದರೆ, ಈ ಸಂಚಿಕೆ ಓದಿ ಮುಗಿಸಿದ ಕೂಡಲೇ ಎದ್ದು ಅದನ್ನು ಮೇಲಕ್ಕೆ ಎತ್ತಿಡಿ. ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಳೆಗಾಲ ಪ್ರತಿ ವರ್ಷವೂ ಬರುತ್ತದೆ.