ಹಿಮದ ಮೇಲಿನ ಸರದಿ ಓಟವೂ ನಮ್ಮ ತೋಟದ ರಾತ್ರಿ ಪಾಳಿಯೂ

ಕಳೆದ ಜನವರಿಯಲ್ಲಿ ಬೇಲೂರಿಗೆ ಹೋಗಿ ಒಂದು ರಾತ್ರಿ ಕಳೆದು ಬಂದೆವು. ಹಾಗೆಂದ ಕೂಡಲೇ ಸದಸ್ಯರೊಬ್ಬರು, "ಚೆನ್ನಕೇಶವನ ದರ್ಶನ ಚೆನ್ನಾಗಾಯಿತೇ?" ಎಂದು ಕೇಳಿದರು. ಆ ಬೇಲೂರಲ್ಲ. ಧಾರವಾಡ ದಾಟಿ ಬೆಳಗಾವಿಯ ಹೆದ್ದಾರಿಯಲ್ಲಿ ಸಾಗಿದರೆ ಸಿಗುವ ಬೇಲೂರು ಕೈಗಾರಿಕಾ ಪ್ರದೇಶ. ಅಲ್ಲಿ ಶಿಲಾಬಾಲಿಕೆಯರಿಲ್ಲ, ತಗಡಿನ ಶೆಡ್ಡುಗಳು, ಅಗಲವಾದ ರಸ್ತೆಗಳು, ಸಾಲುಗಟ್ಟಿ ನಿಂತ ಲಾರಿಗಳು.

ನಾವು ಹೋದದ್ದು ಪಂಪಿನ ಕೆಲಸಕ್ಕೆ. ನಮ್ಮ ಹಳ್ಳದ ದಂಡೆಯ ನಾಲ್ಕು ಮನೆಗಳಿಗೆ ಸೇರಿದ ಡೀಸೆಲ್ ಪಂಪ್‌ಸೆಟ್ಟಿನ ಇಂಪೆಲ್ಲರ್ ಸವೆದು ನೀರು ಏರದಂತಾಗಿತ್ತು. ಊರಿನ ಕಡೆ ಎರಡು ಸಲ ರಿಪೇರಿ ಮಾಡಿಸಿದರೂ ಪ್ರಯೋಜನವಾಗಲಿಲ್ಲ. ಫೆಬ್ರವರಿಯ ಒಳಗೆ ಸರಿಯಾಗದಿದ್ದರೆ ರೊಬಸ್ಟಾಗೆ ಹೂ ನೀರು ಕೊಡುವುದು ಹೇಗೆ? ಆದ್ದರಿಂದ ಪಿಕಪ್ ಗಾಡಿಯಲ್ಲಿ ಪಂಪನ್ನು ಹೇರಿಕೊಂಡು ಅಲ್ಲಿಯ ವರ್ಕ್‌ಶಾಪಿಗೆ ಹೋದೆವು. ಸಂಜೆಯೊಳಗೆ ಆಗುತ್ತದೆ ಎಂದವರು, ರಾತ್ರಿ ಪಾಳಿಯಲ್ಲಿ ಮಾಡಿಸಿ ಬೆಳಗ್ಗೆ ಕೊಡುತ್ತೇವೆ ಎಂದರು. ಉಳಿಯಲೇ ಬೇಕಾಯಿತು.

ನಮ್ಮ ನೆರೆಯ ತೋಟದ ಗೌಡರ ಮಗಳು ಅದೇ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ನಾವು ಬಂದ ಸುದ್ದಿ ತಂದೆಯಿಂದ ತಿಳಿದು, ಕೆಲಸ ಮುಗಿಸಿ, ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟಿಸಿಕೊಂಡು ಬಂದಳು. ಕಾರ್ಖಾನೆಯವರು ಅವಳನ್ನು ತರಬೇತಿಗೆಂದು ಸ್ವೀಡನ್ ದೇಶಕ್ಕೆ ಕಳಿಸಿದ್ದರು. ಎರಡು ಚಳಿಗಾಲ ಅಲ್ಲಿದ್ದು ಬಂದವಳು. ಊಟ ಮಾಡುತ್ತಾ, "ಅಲ್ಲಿ ಏನು ನೋಡಿದೆಯಮ್ಮಾ?" ಎಂದೆವು. "ನೋಡಿದ್ದಲ್ಲ ಮಾವ, ಓಡಿದ್ದೇ ಹೇಳ್ತೀನಿ" ಎಂದು ಶುರುಮಾಡಿದಳು.

ತೊಂಬತ್ತು ಕಿಲೋಮೀಟರ್ ಹಿಮ

ಓದುಗರಿಗೆ ಮೊದಲು ಹಿನ್ನೆಲೆ ಹೇಳಬೇಕು. ಹಿಮದ ಮೇಲೆ ಜಾರುವ ಉದ್ದನೆಯ ಹಲಗೆಗಳಿಗೆ ಸ್ಕೀ ಎನ್ನುತ್ತಾರೆ. ಬೆಟ್ಟದ ತುದಿಯಿಂದ ಕೆಳಕ್ಕೆ ಧುಮುಕುವ ಸ್ಕೀ ಒಂದು ಬಗೆ. ಕಾಡು, ಬಯಲು, ಏರು, ಇಳಿಜಾರು ಎನ್ನದೆ ಕಾಲಿನ ಮತ್ತು ಕೈಕೋಲಿನ ಬಲದಿಂದಲೇ ಮೈಲುಗಟ್ಟಲೆ ಸಾಗುವುದು ಇನ್ನೊಂದು ಬಗೆ. ನಾವು ಹೇಳಹೊರಟದ್ದು ಎರಡನೆಯದು.

ಸ್ವೀಡನ್ನಿನಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲನೆಯ ಭಾನುವಾರ ವಾಸಾಲೋಪೆಟ್ ಎಂಬ ಸ್ಪರ್ಧೆ ನಡೆಯುತ್ತದೆ. ಸೇಲೆನ್ ಎಂಬಲ್ಲಿಂದ ಮೂರಾ ಪಟ್ಟಣದವರೆಗೆ 90 ಕಿ.ಮೀ. ಇದರ ಹಿಂದೆ ಒಂದು ಕಥೆಯಿದೆ. 1520ರ ಸುಮಾರಿಗೆ ಡೆನ್ಮಾರ್ಕಿನ ದೊರೆಯ ವಿರುದ್ಧ ಏಳಿರೆಂದು ಗುಸ್ತಾವ್ ವಾಸಾ ಎಂಬ ತರುಣ ಮೂರಾದ ಜನರನ್ನು ಬೇಡಿದ. ಅವರು ಒಪ್ಪಲಿಲ್ಲ. ನಿರಾಶನಾಗಿ ಅವನು ನಾರ್ವೆಯ ಕಡೆ ಹೊರಟ. ಆಮೇಲೆ ಜನರ ಮನಸ್ಸು ಬದಲಾಗಿ, ಸ್ಕೀಯಲ್ಲಿ ಗಟ್ಟಿಗರಾದ ಇಬ್ಬರನ್ನು ಹಿಂದೆ ಅಟ್ಟಿದರು. ಅವರು ಸೇಲೆನ್‌ನಲ್ಲಿ ಅವನನ್ನು ಹಿಡಿದು ಕರೆತಂದರೆಂದು ಪ್ರತೀತಿ. 1523ರಲ್ಲಿ ಅವನೇ ಸ್ವೀಡನ್ನಿನ ದೊರೆಯಾದ.

ಇದರ ನೆನಪಿಗೆ 1922ರ ಮಾರ್ಚ್ 19ರಂದು ಮೊದಲ ಓಟ ನಡೆಯಿತು. ನೂರಕ್ಕೆ ಸ್ವಲ್ಪ ಹೆಚ್ಚು ಮಂದಿ ಓಡಿದ್ದರು. 22 ವರ್ಷದ ಎರ್ನ್ಸ್ಟ್ ಆಲ್ಮ್ ಏಳೂವರೆ ಗಂಟೆಯಲ್ಲಿ ಬಂದು ಗೆದ್ದ. ಈಗ ಗೆಲ್ಲುವವರು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ, ಓಡುವವರು ಸಾವಿರಗಟ್ಟಲೆ. 1923ರಲ್ಲಿ ಮಾರ್ಗಿಟ್ ನೋರ್ಡಿನ್ ಎಂಬ ಮಹಿಳೆ ಪೂರ್ತಿ ದೂರ ಓಡಿ ಮುಗಿಸಿದಳು. ಮರುವರ್ಷವೇ ಹೆಂಗಸರು ಓಡಕೂಡದೆಂದು ನಿಷೇಧವಾಯಿತು. ಅದು ತೆರವಾದದ್ದು 1981ರಲ್ಲಿ. ಸುಧಾರಿಸಿದ ದೇಶಗಳೆಂದು ನಾವು ತಿಳಿದವುಗಳ ಕಥೆಯೂ ಇಷ್ಟೇ.

ಆ ವಾರದಲ್ಲಿ ಮುಖ್ಯ ಓಟವಲ್ಲದೆ ಇನ್ನೂ ಹಲವು ಓಟಗಳಿವೆ. ಅವುಗಳಲ್ಲಿ ಒಂದು ಸರದಿ ಓಟ, ಅಂದರೆ ರಿಲೇ. ಅದೇ 90 ಕಿ.ಮೀ.ಯನ್ನು ಐವರು ಹಂಚಿಕೊಳ್ಳುತ್ತಾರೆ: 24, 23, 15, 9, ಕೊನೆಗೆ 19. ಗೌಡರ ಮಗಳ ಕಾರ್ಖಾನೆಯ ತಂಡದಲ್ಲಿ ಒಬ್ಬರು ಕಡಿಮೆಯಾಗಿದ್ದರು. ಹೊಸಬಳೆಂದು ಇವಳಿಗೆ ಎಲ್ಲಕ್ಕಿಂತ ಚಿಕ್ಕ ಪಾಲು ಕೊಟ್ಟರು: ಓಕ್ಸ್‌ಬೆರಿಯಿಂದ ಹೋಕ್‌ಬೆರಿಗೆ 9 ಕಿ.ಮೀ.

"ಓಡೋದು ಕಷ್ಟ ಅಲ್ಲ ಮಾವ, ಕಾಯೋದು ಕಷ್ಟ" ಎಂದಳು. ಅವಳ ಹಿಂದಿನವಳು ಬರಬೇಕಾದ ಹೊತ್ತಿಗೆ ಬರಲಿಲ್ಲ. ಬೇರೆ ತಂಡದವರೆಲ್ಲ ಒಬ್ಬೊಬ್ಬರಾಗಿ ಹೊರಟರು. ಕಾಲಿನ ಬೆರಳು ಮರಗಟ್ಟಿತು. ಬಿಸಿ ನೀರಿನ ಕೋಣೆಗೆ ಹೋಗಿ ಬರೋಣವೆಂದರೆ, ಅಷ್ಟರಲ್ಲಿ ಅವಳು ಬಂದರೆ? ಮುಕ್ಕಾಲು ಗಂಟೆ ನಿಂತಲ್ಲೇ ನಿಂತಳು. ಕೊನೆಗೆ ಬಂದವಳ ಮೊಣಕಾಲಿಗೆ ಪೆಟ್ಟಾಗಿತ್ತು, ಇಳಿಜಾರಿನಲ್ಲಿ ಬಿದ್ದಿದ್ದಳಂತೆ. "ನೀನು ಇರ್ತೀಯ ಅಂತ ಗೊತ್ತಿದ್ದದ್ದಕ್ಕೇ ಬಂದೆ" ಎಂದು ಉಸಿರು ಬಿಡುತ್ತಾ ಹೇಳಿದಳಂತೆ. ಇವಳು ಹೊರಟಳು. ಒಂಬತ್ತು ಕಿಲೋಮೀಟರಿನಲ್ಲಿ ನಾಲ್ಕು ಸಲ ಬಿದ್ದಳು. ತಂಡ ಹಿಂದಿನ ಸಾಲಿನಲ್ಲೇ ಮುಗಿಸಿತು, ಆದರೆ ಮುಗಿಸಿತು.

ತಲೆಗೆ ಕಟ್ಟಿದ ದೀಪಗಳು

ಅದೇ ಶುಕ್ರವಾರ ರಾತ್ರಿ ಇನ್ನೊಂದು ಓಟ. ಅದಕ್ಕೆ ನಟ್‌ವಾಸನ್ ಎಂದು ಹೆಸರು. ಸಂಜೆ ಕಳೆದ ಮೇಲೆ ಹೊರಟು ರಾತ್ರಿಯೆಲ್ಲ ಅದೇ 90 ಕಿ.ಮೀ. ಹಾದಿ. ದಾರಿಗೆ ವಿದ್ಯುದ್ದೀಪವಿಲ್ಲ, ಪ್ರತಿಯೊಬ್ಬರ ಹಣೆಗೂ ಬ್ಯಾಟರಿ ದೀಪ. ಇದರಲ್ಲಿ ಇಬ್ಬಿಬ್ಬರ ಜೋಡಿಯಾಗಿ ಓಡುವ ಕ್ರಮ. ಆ ಚಳಿಯ ಕಾಡಿನಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬ ಇರಬೇಕು ಎಂಬ ಮುಂಜಾಗ್ರತೆ.

ಇವಳು ಹಿಂತಿರುಗದೆ ಆ ರಾತ್ರಿ ಹೋಕ್‌ಬೆರಿಯಲ್ಲೇ ಉಳಿದು, ಓಟಗಾರರಿಗೆ ಬ್ಲೂಬೆರಿ ಹಣ್ಣಿನ ಬಿಸಿ ಸಾರು ಹಂಚಲು ನಿಂತಳು. ನಮ್ಮ ಕಡೆ ಜಾತ್ರೆಗೆ ಹೋಗುವವರಿಗೆ ಪಾನಕ ಕೊಟ್ಟಂತೆ ಅಲ್ಲಿ ಆ ಸಾರು ಕೊಡುವುದು ಹಳೆಯ ಪದ್ಧತಿ. ನಡುರಾತ್ರಿಯ ಹೊತ್ತಿಗೆ ಮರಗಳ ನಡುವೆ ಮೊದಲು ಎರಡು ದೀಪ, ಸ್ವಲ್ಪ ಹೊತ್ತು ಬಿಟ್ಟು ಮತ್ತೆರಡು, ಬೆಳಗಿನ ಜಾವಕ್ಕೆ ಸಾಲು ಸಾಲು. "ನಮ್ಮ ತೋಟದ ಥರಾನೇ ಕಾಣ್ತಿತ್ತು ಮಾವ. ಮಾರ್ಚ್ ತಿಂಗಳಲ್ಲಿ ಅಪ್ಪ, ನೀವು ಎಲ್ಲ ಹೆಡ್‌ಲೈಟ್ ಕಟ್ಕೊಂಡು ಜೆಟ್ ಬದಲಾಯಿಸ್ತಿದ್ರಲ್ಲ, ಹಾಗೇ" ಎಂದಳು.

ನಮಗೆ ರೊಟ್ಟಿ ಗಂಟಲಲ್ಲಿ ನಿಂತಿತು. ಕಾರಣವನ್ನು ಮುಂದೆ ಹೇಳುತ್ತೇವೆ.

ಕೊಡಗಿನಿಂದ ಹಿಮಕ್ಕೆ

ಇದೆಲ್ಲ ಬಿಳಿಯರ ಆಟ, ಕಾಫಿ ನಾಡಿಗೆ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಇದೇ ಹಿಮದ ದೂರದ ಓಟದಲ್ಲಿ ಭಾರತವನ್ನು ಪ್ರತಿನಿಧಿಸಿದವರು. 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು. ವರ್ಷವಿಡೀ ಹಿಮ ಕಾಣದ ನಾಡಿನವರು ಈ ಆಟ ಕಲಿಯುವುದು ಹೇಗೆ? ಹಿಮವಿಲ್ಲದ ಕಾಲದಲ್ಲಿ ಸ್ಕೀ ಓಟಗಾರರು ಗಾಲಿ ಜೋಡಿಸಿದ ಕುಳ್ಳು ಹಲಗೆಗಳನ್ನು ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಚಳಿಗಾಲದ ಒಲಿಂಪಿಕ್ಸಿನ ಈ ಓಟಕ್ಕೆ ಭಾರತದಿಂದ 2010ರಲ್ಲಿ ತಾಶಿ ಲುಂಡುಪ್, 2014ರಲ್ಲಿ ನದೀಮ್ ಇಕ್ಬಾಲ್, 2018ರಲ್ಲಿ ಜಗದೀಶ್ ಸಿಂಗ್ ಹೋಗಿದ್ದರು. ಅವರೆಲ್ಲ ಹಿಮಾಲಯದ ಮಗ್ಗುಲಿನವರು. ಕಾಫಿ ನಾಡಿನ ಹೆಣ್ಣುಮಗಳೊಬ್ಬಳು ಆ ಸಾಲಿಗೆ ಸೇರಲು ಹೊರಟದ್ದು ಸಣ್ಣ ಮಾತಲ್ಲ. ಮಕ್ಕಳು ಯಾವುದಾದರೂ ವಿಚಿತ್ರ ಆಟದ ಹೆಸರು ಹೇಳಿದರೆ ಬೈಯುವ ಮೊದಲು ಈ ಹೆಸರನ್ನು ನೆನೆಯಿರಿ.

ಒಲಿಂಪಿಕ್ಸಿನಲ್ಲೂ ಸರದಿ ಓಟವಿದೆ. 1936ರಿಂದ ಗಂಡಸರಿಗೆ, 1956ರಿಂದ ಹೆಂಗಸರಿಗೆ. 1994ರಲ್ಲಿ ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ನಡೆದದ್ದು ಹೆಸರಾಂತ ಓಟ. ನಾಲ್ವರು ತಲಾ 10 ಕಿ.ಮೀ. ಇಟಲಿಯ ತಂಡದಲ್ಲಿ ಮೊದಲು ಹೊರಟವನು ಮೌರಿಲಿಯೊ ಡಿ ಜೋಲ್ಟ್, ವಯಸ್ಸು 43. ಗಂಟೆ ನಲವತ್ತು ನಿಮಿಷಕ್ಕೂ ಮೀರಿದ ಓಟದ ಕೊನೆಗೆ ಇಟಲಿ ನಾರ್ವೆಯನ್ನು ಅವರ ನೆಲದಲ್ಲೇ ಸೋಲಿಸಿತು. ಅಂತರ ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು.

ಇಲ್ಲಿ ಗಮನಿಸಬೇಕಾದ ನಿಯಮವೊಂದಿದೆ. ನಮ್ಮ ಶಾಲೆಯ ಮೈದಾನದ ರಿಲೇಯಲ್ಲಿ ಕೋಲು ಕೈ ಬದಲಾಗುತ್ತದೆ. ಹಿಮದ ರಿಲೇಯಲ್ಲಿ ಕೋಲಿಲ್ಲ. ಎರಡೂ ಕೈಯಲ್ಲಿ ಸ್ಕೀ ಕೋಲುಗಳೇ ಇರುತ್ತವೆ. ಬಂದವನು ಗೆರೆ ಹಾಕಿದ ಜಾಗದೊಳಗೆ ಹೋಗುವವನ ಮೈಯನ್ನು ಕೈಯಿಂದ ಮುಟ್ಟಬೇಕು. ದೂರದಿಂದ "ಬಂದೆ, ಹೊರಡು" ಎಂದು ಕೂಗಿದರೆ ಸಾಲದು. ಮುಟ್ಟಿದ ಮೇಲೆಯೇ ಒಬ್ಬನ ಸರದಿ ಮುಗಿದು ಇನ್ನೊಬ್ಬನದು ಶುರು.

ನಮ್ಮ ತಪ್ಪು

ಈಗ ಗಂಟಲಲ್ಲಿ ನಿಂತ ರೊಟ್ಟಿಯ ವಿಷಯ.

ನಮ್ಮ ನಾಲ್ಕು ಮನೆಗಳ ಪಂಪಿನ ಕ್ರಮ ಹಲವರಿಗೆ ತಿಳಿದಿದೆ. ಯಾರ ತೋಟಕ್ಕೆ ನೀರಾದರೂ ರಾತ್ರಿಯ ಪಾಳಿ ನಾಲ್ಕು ಮನೆಗೂ ಹಂಚಿಕೆ. ನಾಲ್ಕು ಗಂಟೆಗೊಮ್ಮೆ ಪೈಪು ಎತ್ತಿ ಜೆಟ್ ಬದಲಾಯಿಸಬೇಕು. ಪಾಳಿ ಮುಗಿದವನು ಮುಂದಿನವನಿಗೆ ಫೋನಿನಲ್ಲಿ ಎರಡು ರಿಂಗ್ ಕೊಟ್ಟು ಮನೆಗೆ ಹೋಗುವುದು ರೂಢಿ. ಕಳೆದ ವರ್ಷ ಮಾರ್ಚಿನ ಒಂದು ರಾತ್ರಿ ನೀರು ಗೌಡರ ತೋಟಕ್ಕೆ. ಹತ್ತರಿಂದ ಎರಡರವರೆಗೆ ಅವರದೇ ಪಾಳಿ, ಎರಡರಿಂದ ಆರರವರೆಗೆ ನಮ್ಮದು. ಎರಡು ಗಂಟೆಗೆ ರಿಂಗ್ ಬಂತು. ಕೇಳಿಸಿತು. ಐದು ನಿಮಿಷ ಎಂದುಕೊಂಡು ಮಗ್ಗುಲು ಬದಲಾಯಿಸಿದೆವು. ಎಚ್ಚರವಾದಾಗ ಬೆಳಕಾಗಿತ್ತು.

ಜೆಟ್ಟುಗಳು ಎಂಟು ಗಂಟೆ ಒಂದೇ ಕಡೆ ನಿಂತು, ಹೆಚ್ಚಾದ ನೀರು ಮತ್ತೆ ಹಳ್ಳಕ್ಕೆ ಹರಿದಿತ್ತು. ಹಳ್ಳದ ಗುಂಡಿ ತಳ ಕಂಡಿತ್ತು. ಮರುದಿನ ಪಂಪು ಇನ್ನೊಂದು ಮನೆಯ ಸರದಿಗೆ ಹೋಯಿತು. ಗೌಡರ ಮೇಲಿನ ಪಟ್ಟಿಗೆ ಅರ್ಧಂಬರ್ಧ ನೀರು ಸಿಕ್ಕಿದ್ದು ವಾರದ ಮೇಲೆ. ಹೂ ನೀರು ಸಾಲದಿದ್ದರೆ ರೊಬಸ್ಟಾ ಮೊಗ್ಗು ಅರಳದೆ ಗುಲಾಬಿ ಬಣ್ಣಕ್ಕೆ ತಿರುಗಿ ಒಣಗುವುದು ನಮಗೆಲ್ಲ ಗೊತ್ತಿದ್ದದ್ದೇ. ಸುಮಾರು ಒಂದು ಎಕರೆ ಹಾಗೆ ಹೋಯಿತು.

ಪಂಪಿನ ಸಭೆಯಲ್ಲಿ ಗೌಡರು, "ರಿಂಗ್ ಕೊಟ್ಟಿದ್ದೆ" ಎಂದರು. ನಾವು, "ನೆಟ್‌ವರ್ಕ್ ಇರಲಿಲ್ಲ, ರಿಂಗ್ ಬರಲಿಲ್ಲ" ಎಂದೆವು. ಕಾರ್ಯದರ್ಶಿಯ ಮಾತಲ್ಲವೇ, ಎಲ್ಲರೂ ನಂಬಿದರು. ಮನೆ ಬಾಗಿಲಿಗೆ ಬಂದು ಎಬ್ಬಿಸಬೇಕಿತ್ತು ಎಂದು ಗೌಡರದೇ ತಪ್ಪಾಯಿತು. ನಡವಳಿ ಪುಸ್ತಕದಲ್ಲೂ ಹಾಗೆಯೇ ಬರೆದೆವು, ನಮ್ಮದೇ ಕೈಯಿಂದ.

ಬೇಲೂರಿನಲ್ಲಿ ಆ ಹುಡುಗಿ ಏನೂ ಅರಿಯದೆ, "ಹೋದ ವರ್ಷ ನೆಟ್‌ವರ್ಕ್ ಇಲ್ದೆ ಅಪ್ಪನ ಹೂ ಹೋಯ್ತಂತಲ್ಲ, ನೀವೂ ಬಹಳ ನೊಂದುಕೊಂಡ್ರಂತೆ" ಎಂದಳು. ಮುಕ್ಕಾಲು ಗಂಟೆ ಹಿಮದಲ್ಲಿ ನಿಂತು ಕಾದವಳ ಮುಖ ನೋಡಲು ನಮ್ಮಿಂದ ಆಗಲಿಲ್ಲ.

ಅವಳು ಹೋದ ಮೇಲೆ ವರ್ಕ್‌ಶಾಪಿನ ಬೆಂಚಿನ ಮೇಲೆ ಕುಳಿತಿದ್ದೆವು. ಪಾಳಿ ಬದಲಾಗುವ ಹೊತ್ತು. ನಮ್ಮ ಇಂಪೆಲ್ಲರನ್ನು ಲೇತಿಗೆ ಹಾಕಿದ್ದವನ ಪಾಳಿ ಮುಗಿದಿತ್ತು. ಮುಂದಿನವನು ಹತ್ತು ನಿಮಿಷ ತಡ. ಇವನು ಕೈ ಒರೆಸಿಕೊಂಡು ಅಲ್ಲೇ ನಿಂತಿದ್ದ. ಅವನು ಬಂದ ಮೇಲೆ ಎಲ್ಲಿಯವರೆಗೆ ಆಗಿದೆ, ಅಳತೆ ಎಷ್ಟು ಎಂದು ಬೆರಳಿಟ್ಟು ತೋರಿಸಿ, ಹೆಗಲು ತಟ್ಟಿ ಹೋದ. ಸ್ವೀಡನ್ನಿಗೆ ಹೋಗಿ ಕಲಿಯಬೇಕಾದದ್ದೇನೂ ಇರಲಿಲ್ಲ.

ಊರಿಗೆ ಬಂದವರು ಪಂಪನ್ನು ಇಳಿಸುವ ಮೊದಲೇ ಗೌಡರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರು ಬಹಳ ಹೊತ್ತು ಅಂಗಳದ ಅಡಿಕೆಯ ಕಡೆ ನೋಡುತ್ತಾ ಕುಳಿತಿದ್ದರು. ಆಮೇಲೆ, "ಬಾಯಲ್ಲಿ ಹೇಳಿದ್ದು ಸಾಕು ಸೆಕ್ರೆಟ್ರಿಗಳೇ. ಪುಸ್ತಕದಲ್ಲಿ ನನ್ನ ತಪ್ಪು ಅಂತ ಇದೆಯಲ್ಲ, ಅದನ್ನ ತಿದ್ದಿ" ಎಂದರು. ಕಾಫಿ ಕೊಟ್ಟರು. ಹೆಚ್ಚು ಮಾತಾಡಲಿಲ್ಲ.

ತಿದ್ದಿದ್ದೇವೆ. ಪುಸ್ತಕವನ್ನು ನಾಲ್ಕು ಮನೆಯವರೇ ನೋಡುವುದರಿಂದ, ಸುದ್ದಿ ಅದಕ್ಕಿಂತ ದೂರ ಹೋಗಿದ್ದರಿಂದ, ಇಲ್ಲಿಯೂ ಬರೆದಿದ್ದೇವೆ. ಗೌಡರಿಗೆ ಆದ ನಷ್ಟಕ್ಕೆ ಈ ಸಾಲಿನ ಡೀಸೆಲಿನಲ್ಲಿ ಅವರ ಪಾಲು ನಮ್ಮದು.

ಪಂಪು, ಪೈಪು ಹಂಚಿಕೊಂಡಿರುವ ಎಲ್ಲ ಗುಂಪುಗಳ ಸದಸ್ಯ ಬಾಂಧವರಲ್ಲಿ ವಿನಂತಿ. ರಿಂಗ್ ಕೊಡುವ ರೂಢಿಯನ್ನು ಬಿಡಿ. ಪಾಳಿ ಮುಗಿದವನು ಮುಂದಿನವನು ಪಂಪಿನ ಬಳಿಗೆ ಬರುವವರೆಗೆ ಅಲ್ಲೇ ಇರಲಿ. ಯಾವ ಸಾಲಿಗೆ ಎಷ್ಟು ಹೊತ್ತು ನೀರಾಯಿತು, ಡೀಸೆಲ್ ಎಷ್ಟಿದೆ ಎಂದು ಹೇಳಿ, ಕೈ ಮುಟ್ಟಿ ಒಪ್ಪಿಸಲಿ. ನಡುರಾತ್ರಿಯ ಪಾಳಿಗೆ ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಹಳ್ಳದ ದಾರಿಯಲ್ಲಿ ಹಾವೂ ಇದೆ, ಆನೆಯ ಕಾಟವಿರುವ ಕಡೆ ಹೇಳಬೇಕಾದದ್ದೇ ಇಲ್ಲ. ಹೆಡ್‌ಲೈಟಿನ ಬ್ಯಾಟರಿಯನ್ನು ಹಗಲಿನಲ್ಲೇ ಚಾರ್ಜ್ ಮಾಡಿಟ್ಟುಕೊಳ್ಳಿ.

ಪಂಪು ಈಗ ಚೆನ್ನಾಗಿ ನೀರು ಏರಿಸುತ್ತಿದೆ. ಈ ಸಲದ ಮೊದಲ ನೀರು ಗೌಡರ ಮೇಲಿನ ಪಟ್ಟಿಗೆ. ಎರಡರಿಂದ ಆರರ ಪಾಳಿ ನಮ್ಮದೇ; ಒಂದೂವರೆಗೇ ಹಳ್ಳದ ಬಳಿ ಇರುತ್ತೇವೆ.