ಧುಮುಕಲು ಕಲಿತು ನೆಲದ ಮೇಲೆ ಕಾದಿದವರು

ಕಾಮಠಿಯ ಕಡೆ ಕೆಲಸಕ್ಕೆ ಹೋಗಿಬರುವ ನಮ್ಮ ವಾಚಕರಿಗೆ ಅಲ್ಲಿನ 'ಗಾರ್ಡ್ಸ್' ಸೈನಿಕರು ಅಪರಿಚಿತರಲ್ಲ. ರಷ್ಯದಲ್ಲಿಯೂ ಈ ಹೆಸರುಂಟು. 1941ರಿಂದ ಶೌರ್ಯ ಮೆರೆದ ದಳಗಳಿಗೆ ಅದು ಬಿರುದಾಗಿ ಸಲ್ಲುತ್ತಿತ್ತು. 1942ರ ಬೇಸಿಗೆಯಲ್ಲಿ ರಷ್ಯನ್ನರು, ವಿಮಾನದಿಂದ ಧುಮುಕಲು ಸಿದ್ಧವಾಗಿದ್ದ ಪಡೆಗಳನ್ನು ಗಾರ್ಡ್ಸ್ ಕಾಲಾಳು ಡಿವಿಜನ್ನುಗಳಾಗಿ ಮಾರ್ಪಡಿಸಿ, ಅವುಗಳಲ್ಲಿ ಹಲವನ್ನು ಸ್ಟಾಲಿನ್‌ಗ್ರಾಡಿನ ಕಾಳಗಕ್ಕೆ ಕಳುಹಿಸಿದರು. ಶತ್ರು ಬಾಗಿಲಿಗೆ ಬಂದಾಗ ನೆಲದ ಮೇಲೆ ನಿಲ್ಲುವವರೇ ಬೇಕಾಗಿದ್ದರು.

ನಮ್ಮ ದೇಶದಲ್ಲಿಯೂ ಹೀಗೆಯೇ ಆಯಿತು. 1941ರಲ್ಲಿ ದಿಲ್ಲಿಯಲ್ಲಿ 50ನೆಯ ಇಂಡಿಯನ್ ಪ್ಯಾರಾಶೂಟ್ ಬ್ರಿಗೇಡು ಹುಟ್ಟಿತು. ಆದರೆ 1944ರ ಮಾರ್ಚಿನಲ್ಲಿ ಜಪಾನೀಯರು ಮಣಿಪುರಕ್ಕೆ ನುಗ್ಗಿದಾಗ ಅದರ 152 ಮತ್ತು 153ನೆಯ ಬೆಟಾಲಿಯನ್ನುಗಳು ಉಖ್ರೂಲಿನ ಸಮೀಪದ ಸಾಂಗ್‌ಶಾಕ್ ಎಂಬ ಬೆಟ್ಟದ ಹಳ್ಳಿಯಲ್ಲಿ ಕಾಲಾಳುಗಳಾಗಿಯೇ ನಿಲ್ಲಬೇಕಾಯಿತು. ಅವರ ಜೊತೆಗೆ ನಿಂತದ್ದು ಮರಾಠಾ ಪದಾತಿದಳದ 4ನೆಯ ಬೆಟಾಲಿಯನ್. ಆ ದಳದಲ್ಲಿ ಮರಾಠಿಗರೇ ಹೆಚ್ಚು, ನಿಜ; ಆದರೂ 1922ರಿಂದ ಅದರ ಕೇಂದ್ರವಿರುವುದು ನಮ್ಮ ಬೆಳಗಾವಿಯಲ್ಲಿ. ಮರಾಠಿಯವರ ನಡುವೆ ಅನ್ನ ದುಡಿಯುತ್ತಿರುವ ನಮಗೆ ಈ ನಂಟು ಹೊಸದಲ್ಲ.

ಅಲ್ಲಿನ ಕಷ್ಟವನ್ನು ಏನೆಂದು ಹೇಳೋಣ! ಮಣ್ಣಿನ ಕೆಳಗೆ ಬಂಡೆ. ಆಳದ ಕಂದಕ ತೋಡುವಂತಿಲ್ಲ. ಮುಳ್ಳುತಂತಿ ಇಲ್ಲ. ಬೆಟ್ಟದ ಮೇಲೆ ನೀರಿಲ್ಲ. ನೀರು, ಅನ್ನ, ಮದ್ದುಗುಂಡುಗಳೆಲ್ಲ ವಿಮಾನದಿಂದ ಪ್ಯಾರಾಶೂಟಿನಲ್ಲಿ ಇಳಿಯಬೇಕು. ಜಾಗ ಕಿರಿದಾದ್ದರಿಂದ ಅವುಗಳಲ್ಲಿ ಹೆಚ್ಚಿನವು ಶತ್ರುವಿನ ಪಾಲಾದುವು. ಪ್ಯಾರಾಶೂಟಿನ ಸೈನಿಕರು ಪ್ಯಾರಾಶೂಟುಗಳು ತಮ್ಮ ಕೈತಪ್ಪಿ ಹೋಗುವುದನ್ನು ಒಣಗಿದ ಗಂಟಲಿನಲ್ಲಿ ನೋಡುತ್ತ ಕುಳಿತರು. 26ರಂದು ಹಳ್ಳಿಯ ಇಗರ್ಜಿಯ ಸುತ್ತ ಕೈಕೈ ಮಿಲಾಯಿಸಿತು. ಅಂದು ರಾತ್ರಿ, ಹಿಂದೆ ಸರಿಯಲು ಅಪ್ಪಣೆ ಬಂದಿತು. ನಡೆಯಬಲ್ಲ ಗಾಯಾಳುಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಕಾಡಿಗಿಳಿದರು, ಏಳಲಾರದವರನ್ನು ಬಿಟ್ಟುಬರಬೇಕಾಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 600 ಮಂದಿ.

ಬದುಕಿ ಬಂದವರಿಗೆ ಮೊದಲು ಸಿಕ್ಕಿದ್ದು ಹೊಗಳಿಕೆಯಲ್ಲ, ಆಕ್ಷೇಪಣೆ. ಬ್ರಿಗೇಡಿಯರ್ ಹೋಪ್-ಥಾಮ್ಸನ್ನರು ಪದವಿ ಕಳೆದುಕೊಂಡರು. ಇದು ಅನ್ಯಾಯವೆಂದೇ ನಮ್ಮ ಮತ. ಸಾಂಗ್‌ಶಾಕಿನಲ್ಲಿ ಕಳೆದ ಆ ದಿನಗಳಿಂದ ಕೊಹಿಮಾದ ಕಡೆಗೆ ಹೊರಟಿದ್ದ ಜಪಾನೀಯರು ತಡವಾದರು. ಇಂಫಾಲ, ಕೊಹಿಮಾಗಳಿಗೆ ಸಹಾಯ ತಲಪಲು ಅಷ್ಟು ವ್ಯವಧಾನ ದೊರೆಯಿತು. ಸತ್ತ ಜಪಾನೀ ಅಧಿಕಾರಿಯ ಬಳಿ ಸಿಕ್ಕಿದ ನಕ್ಷೆಯಿಂದ ಶತ್ರುವಿನ ಯೋಜನೆಯೂ ಬಯಲಾಯಿತು.

ಯುದ್ಧ ಮುಗಿದ ಮೇಲೆ ಮರಾಠಾ ದಳದ 3ನೆಯ ಬೆಟಾಲಿಯನ್ನೇ ಪ್ಯಾರಾಶೂಟ್ ಪಡೆಯಾಯಿತು. ಅದರ ಸೈನಿಕರು 1971ರ ಡಿಸೆಂಬರ್ 11ರಂದು ಬಾಂಗ್ಲಾದೇಶದ ಟಂಗಾಯಿಲಿನ ಬಳಿ ನಿಜವಾಗಿಯೂ ಆಕಾಶದಿಂದಿಳಿದು ಪುಂಗ್ಲಿ ಸೇತುವೆಯನ್ನು ವಶಪಡಿಸಿಕೊಂಡರು.