ಶೇ. 96ರ ಮಳೆ ಯಾರ ಹೊಲಕ್ಕೆ?

ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯ ಮುಂಗಾರು ಮುನ್ಸೂಚನೆ ಪತ್ರಿಕೆಗಳಲ್ಲಿ ಬಂದೊಡನೆ ಬೆಂಗಳೂರಿನ ಎನ್.ಆರ್. ಕಾಲೋನಿಯ ಮನೆಗಳಿಂದ ಊರಿಗೆ ಫೋನ್ ಹೋಗುತ್ತದೆ: “ಈ ವರ್ಷ ಮಳೆ ಚೆನ್ನಾಗಿದೆಯಂತೆ.” ಪಾವಗಡದಲ್ಲಿ ಎರಡೆಕರೆ ಖುಷ್ಕಿ ನಂಬಿಕೊಂಡ ದಾಯಾದಿಗೆ ಇಷ್ಟೇ ಸುದ್ದಿ ಸಾಲದು.

ತಪ್ಪು ಕಲ್ಪನೆ: ವಾಡಿಕೆ ಮಳೆ ಎಂದರೆ ನಮ್ಮ ಹೊಲಕ್ಕೂ ವಾಡಿಕೆ ಮಳೆ.

ಸತ್ಯ: ಮುನ್ಸೂಚನೆಯ ಅಂಕಿ ಇಡೀ ದೇಶದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ 87 ಸೆಂ.ಮೀ.; ಅದರ ಶೇ. 96ರಿಂದ 104ರಷ್ಟು ಬಿದ್ದರೆ ವಾಡಿಕೆ. 2023ರಲ್ಲಿ ಇಲಾಖೆ ಹೇಳಿದ್ದು ಶೇ. 96, ಬಿದ್ದದ್ದು ಶೇ. 94. ದೇಶದ ಲೆಕ್ಕದಲ್ಲಿ ಅಂತರ ಅಷ್ಟೇ. ಆದರೆ ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ತಪ್ಪು ಕಲ್ಪನೆ: ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಬಂದರೆ ಬರ ಖಚಿತ.

ಸತ್ಯ: 1997ರ ಎಲ್ ನಿನೊ ಇಪ್ಪತ್ತನೇ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಆ ವರ್ಷ ದೇಶದಲ್ಲಿ ವಾಡಿಕೆ ಮಳೆಯೇ ಆಯಿತು. ಎಲ್ ನಿನೊ ಬರದ ಸಂಭವವನ್ನು ಹೆಚ್ಚಿಸುತ್ತದೆ, ಅಷ್ಟೇ.

ತಪ್ಪು ಕಲ್ಪನೆ: ಮಳೆ ಎಷ್ಟು ಬರುತ್ತದೆಂದು ತಿಳಿದರೆ ರೈತನಿಗೆ ಸಾಕು.

ಸತ್ಯ: ರೈತ ಕೇಳುವುದು ಬೇರೆಯದನ್ನೇ. ಯಾವ ಬೀಜ ತರಲಿ, ಯಾವಾಗ ಬಿತ್ತಲಿ, ಎಷ್ಟು ಸಾಲ ಮಾಡಲಿ? ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಪಿ.ಆರ್. ಶೇಷಗಿರಿ ರಾವ್ ಈ ಪ್ರಶ್ನೆಗಳಿಂದಲೇ ಆರಂಭಿಸಿದರು. ಪಾವಗಡವೂ ಸೇರಿದ ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿಯನ್ನು ಆಯ್ದುಕೊಂಡು, ಹಿಂದಿನ ವರ್ಷಗಳ ಮಳೆ ದಾಖಲೆಯನ್ನು ಬೆಳೆಯ ಗಣಕ ಮಾದರಿಗೆ ಕೊಟ್ಟು ನೋಡಿದರು. ಅವರಿಗೆ ಕಂಡದ್ದು ಇದು: ಬೆಳೆ ಕೈಕೊಡುವ ಅಪಾಯ ಕಡಿಮೆಯಿರುವುದು ಜೂನ್ 22ರಿಂದ ಆಗಸ್ಟ್ 17ರೊಳಗಿನ ಬಿತ್ತನೆಗೆ. ಅದರಲ್ಲೂ ಜುಲೈ ಮಧ್ಯದ ನಂತರ ಬಿತ್ತಿದರೆ ಇಳುವರಿ ಹೆಚ್ಚು. ಕಾಯಿ ಬಲಿಯುವಾಗ ತೇವ ಸಿಗಬೇಕು, ಗುಟ್ಟಿರುವುದು ಅಲ್ಲಿ. ಬಸವನಗುಡಿ ಪರಿಷೆಯಲ್ಲಿ ಸೇರುಗಟ್ಟಲೆ ಕಡಲೆಕಾಯಿ ಕೊಳ್ಳುವ ನಮಗೆ ಇದು ತಿಳಿದಿರಬೇಕು. ಹೀಗೆ ಬಿತ್ತನೆಯ ದಿನಕ್ಕೆ ಇಳಿದು ಬಂದ ಹವಾಮಾನ ಜ್ಞಾನ ರೈತನ ಕೈಗೆ ಸಿಗುವಂಥದ್ದು ಎಂದು ನಾನು ನಂಬುತ್ತೇನೆ.

ರಾಗಿಗೂ ಇದೇ ಮಾತು. ಮಳೆ ತಡವಾದರೆ ಎಂ.ಆರ್.-6ರಂಥ ದೀರ್ಘಾವಧಿ ತಳಿ ಬಿಟ್ಟು ಜಿ.ಪಿ.ಯು.-28ರಂಥ ಮಧ್ಯಮಾವಧಿ ತಳಿಗೆ ಬರಬೇಕು. ಬೀಜದ ಆಯ್ಕೆಗೆ ಋತುವಿನ ಮುನ್ಸೂಚನೆ. ಕೂರಿಗೆ ಹೂಡುವ ದಿನಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ. ಆದರೆ ಮೇ ಕೊನೆಯಲ್ಲಿ ಇಲಾಖೆಯ ಎರಡನೇ ಮುನ್ಸೂಚನೆ ಬರುವ ಹೊತ್ತಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಎರಡೂ ಬಗೆಯ ತಳಿಯ ಬೀಜ ಇರಬೇಕು. ಒಂದೇ ತಳಿ ಇದ್ದರೆ, ಮುನ್ಸೂಚನೆ ಸರಿಯಿದ್ದರೂ ರೈತ ಬಿತ್ತುವುದು ಅದನ್ನೇ.